ಕಾಸು ಕಂಪನಿಯದು, ಸಂಶೋಧನೆ ಯಾರದು?

ಪ್ರಶ್ನೆ: ಸಿಗರೇಟು ಕಂಪನಿಗಳು ದಶಕಗಟ್ಟಲೆ ವಿಜ್ಞಾನಿಗಳಿಗೆ ಹಣ ಕೊಟ್ಟು ಸಂಶೋಧನೆ ಮಾಡಿಸಿದವು ಎಂದು ಓದಿದೆ. ಹಾಗಾದರೆ ಆ ವಿಜ್ಞಾನಿಗಳೆಲ್ಲ ಸುಳ್ಳು ಅಂಕಿಅಂಶ ಬರೆದರೇ? (ಹಾಸನ)

ಬಹುಪಾಲು ಇಲ್ಲ. ಸುಳ್ಳು ಬರೆಸಿದರೆ ಒಂದಲ್ಲ ಒಂದು ದಿನ ಸಿಕ್ಕಿಬೀಳುವ ಭಯವಿರುತ್ತದೆ. ಕಂಪನಿಗಳು ಹಿಡಿದದ್ದು ಅದಕ್ಕಿಂತ ಸುಲಭದ ದಾರಿ. ಉತ್ತರವನ್ನು ವಿಜ್ಞಾನಿಗಳಿಗೇ ಬಿಟ್ಟು, ಯಾವ ಪ್ರಶ್ನೆಗೆ ಹಣ ಕೊಡಬೇಕು ಎಂಬುದನ್ನು ಮಾತ್ರ ತಮ್ಮ ಕೈಯಲ್ಲಿ ಇಟ್ಟುಕೊಂಡವು.

1950ರಲ್ಲಿ ಬ್ರಿಟನ್ನಿನ ಡಾಲ್ ಮತ್ತು ಹಿಲ್, ಅಮೆರಿಕದ ವಿಂಡರ್ ಮತ್ತು ಗ್ರಹಾಂ ಬೇರೆಬೇರೆಯಾಗಿ ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ನಂಟನ್ನು ತೋರಿಸಿದ್ದರು. 1953ರ ಕೊನೆಗೆ ವಿಂಡರ್ ತಂಡದ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಸಿಗರೇಟು ಹೊಗೆಯ ಟಾರನ್ನು ಅಸಿಟೋನಿನಲ್ಲಿ ಕರಗಿಸಿ, ಕೂದಲು ತೆಗೆದ ಇಲಿಗಳ ಬೆನ್ನಿಗೆ ತಿಂಗಳುಗಟ್ಟಲೆ ಹಚ್ಚಿದ್ದರು. ಶೇ 44 ಇಲಿಗಳಿಗೆ ಕ್ಯಾನ್ಸರ್ ಬಂದಿತ್ತು. ಅದೇ ಡಿಸೆಂಬರಿನಲ್ಲಿ ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸೇರಿ, ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆಯ ನೆರವು ಪಡೆದರು. 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವರ ದೊಡ್ಡ ಜಾಹೀರಾತು ಬಂತು: ಕಾರಣ ಇನ್ನೂ ಸಾಬೀತಾಗಿಲ್ಲ, ಸಂಶೋಧನೆಗೆ ನಾವೇ ಹಣ ಕೊಡುತ್ತೇವೆ ಎಂದು. ಹಾಗೆ ಹುಟ್ಟಿದ ಟೊಬ್ಯಾಕೊ ಇಂಡಸ್ಟ್ರಿ ರಿಸರ್ಚ್ ಕಮಿಟಿಯೇ 1964ರಲ್ಲಿ ಕೌನ್ಸಿಲ್ ಫಾರ್ ಟೊಬ್ಯಾಕೊ ರಿಸರ್ಚ್ ಎಂದು ಹೆಸರು ಬದಲಿಸಿಕೊಂಡಿತು. ಅದರ ವೈಜ್ಞಾನಿಕ ನಿರ್ದೇಶಕ ಕ್ಲಾರೆನ್ಸ್ ಕುಕ್ ಲಿಟಲ್ ಹೆಸರಾಂತ ತಳಿವಿಜ್ಞಾನಿ. ಕ್ಯಾನ್ಸರ್ ಮುಖ್ಯವಾಗಿ ವಂಶವಾಹಿಗಳ ಸಮಸ್ಯೆ ಎಂದು ನಂಬಿದ್ದವರು. ಅವರನ್ನು ಯಾರೂ ಕೊಂಡುಕೊಳ್ಳಬೇಕಾಗಿರಲಿಲ್ಲ, ಆರಿಸಿಕೊಂಡರೆ ಸಾಕಿತ್ತು.

ಈ ಸಂಸ್ಥೆಯ ಹಣದಲ್ಲಿ ತಳಿವಿಜ್ಞಾನ, ವೈರಸ್, ರೋಗನಿರೋಧಕ ಶಕ್ತಿಯ ಬಗ್ಗೆ ಒಳ್ಳೆಯ ಕೆಲಸವೇ ನಡೆಯಿತು. ‘ಸಿಗರೇಟು ಸೇದಿದರೆ ರೋಗ ಬರುತ್ತದೆಯೇ’ ಎಂಬ ನೇರ ಪ್ರಶ್ನೆಗೆ ಹೋದ ಹಣ ಮಾತ್ರ ಕಡಿಮೆ. ಇದರ ಜೊತೆಗೆ ‘ಸ್ಪೆಷಲ್ ಪ್ರಾಜೆಕ್ಟ್’ ಎಂಬ ಇನ್ನೊಂದು ಬಾಗಿಲಿತ್ತು. ಅಲ್ಲಿ ಯಾರಿಗೆ ಎಷ್ಟು ಎಂದು ತೀರ್ಮಾನಿಸುತ್ತಿದ್ದವರು ಕಂಪನಿಗಳ ವಕೀಲರು. ವಕೀಲರು ಆರಿಸಿದ ಸಂಶೋಧನೆ ಕೋರ್ಟಿನಲ್ಲಿ ಯಾವ ಕಡೆ ಸಾಕ್ಷಿ ಹೇಳುತ್ತದೆ ಎಂದು ಊಹಿಸುವುದು ಕಷ್ಟವೇನಲ್ಲ.

ಪ್ರಕಟವಾಗದೆ ಉಳಿದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಿಗರೇಟು ಕಂಪನಿ ಫಿಲಿಪ್ ಮಾರಿಸ್‌ನ ಪ್ರಯೋಗಾಲಯದಲ್ಲಿ ವಿಜ್ಞಾನಿ ವಿಕ್ಟರ್ ಡಿನೋಬಲ್, ಇಲಿಗಳು ತಾವಾಗಿಯೇ ಸನ್ನೆಕೋಲು ಒತ್ತಿ ನಿಕೋಟಿನ್ ತೆಗೆದುಕೊಳ್ಳುತ್ತವೆ, ಅಂದರೆ ಅದಕ್ಕೆ ಚಟ ಹಿಡಿಸುವ ಲಕ್ಷಣವಿದೆ ಎಂದು ಕಂಡುಕೊಂಡರು. 1983ರಲ್ಲಿ ಆ ಪ್ರಬಂಧವನ್ನು ಕಂಪನಿ ವಾಪಸು ತೆಗೆಸಿತು, ಮರುವರ್ಷ ಪ್ರಯೋಗಾಲಯವೇ ಮುಚ್ಚಿತು. ಹೊರಗಿನವರಿಗೆ ಇದು ಗೊತ್ತಾಗಿದ್ದು 1994ರಲ್ಲಿ, ಡಿನೋಬಲ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದಾಗ.

ಪ್ರಶ್ನೆ: ಗಂಡ ಸೇದುವ ಹೊಗೆಯಿಂದ ಹೆಂಡತಿಗೆ ಏನೂ ಆಗುವುದಿಲ್ಲ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲೇ ಬಂದಿದೆಯಂತೆ. ನಮ್ಮ ಮನೆಯವರು ಅದನ್ನೇ ತೋರಿಸುತ್ತಾರೆ. (ದಾವಣಗೆರೆ)

ಅದು 2003ರ ಮೇ ತಿಂಗಳಲ್ಲಿ ಎನ್‌ಸ್ಟ್ರಾಮ್ ಮತ್ತು ಕಬಾಟ್ ಬರೆದ ಪ್ರಬಂಧ ಇರಬೇಕು. 1959ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಶುರುಮಾಡಿದ ಅಧ್ಯಯನದ ಕ್ಯಾಲಿಫೋರ್ನಿಯಾ ಭಾಗವನ್ನು 1998ರವರೆಗೆ ಹಿಂಬಾಲಿಸಿದ ಲೆಕ್ಕ ಅದು. ಕೊನೆಯ ಹಂತದ ಹಣ ಬಂದದ್ದು ಸಿಗರೇಟು ಕಂಪನಿಗಳು ನಡೆಸುತ್ತಿದ್ದ ಸೆಂಟರ್ ಫಾರ್ ಇಂಡೋರ್ ಏರ್ ರಿಸರ್ಚ್‌ನಿಂದ. ಪ್ರಬಂಧದಲ್ಲಿ ಇದನ್ನು ಬಚ್ಚಿಟ್ಟಿಲ್ಲ. ಆದ್ದರಿಂದ ಹಣದ ಮೂಲ ನೋಡಿ ಸುಮ್ಮನಾಗದೆ, ಲೆಕ್ಕ ಎಲ್ಲಿ ಜಾರಿದೆ ಎಂದೂ ನೋಡಬೇಕು.

ಸಂಗಾತಿ ಸೇದುತ್ತಾರೋ ಇಲ್ಲವೋ ಎಂಬುದರ ಮೇಲೆ ಜನರನ್ನು ‘ಹೊಗೆ ತಗುಲಿದವರು’, ‘ತಗುಲದವರು’ ಎಂದು ವಿಂಗಡಿಸಿದ್ದರು. ಆದರೆ 1959ರ ಅಮೆರಿಕದಲ್ಲಿ ಕಚೇರಿ, ಹೋಟೆಲು, ವಿಮಾನ ಎಲ್ಲೆಲ್ಲೂ ಹೊಗೆ. ಗಂಡ ಸೇದದಿದ್ದರೂ ಹೆಂಡತಿ ಕೆಲಸದ ಜಾಗದಲ್ಲಿ ಅದನ್ನೇ ಉಸಿರಾಡುತ್ತಿದ್ದಳು. ಅತ್ತ, ಸೇದುತ್ತಿದ್ದ ಗಂಡ 1972ರ ನಂತರ ಬಿಟ್ಟಿರಬಹುದು, ತೀರಿಕೊಂಡಿರಬಹುದು. ಆ ವರ್ಷದಿಂದಾಚೆಗೆ ಅದರ ಮಾಹಿತಿಯೇ ಇಲ್ಲ. ಅವನ ಹೆಂಡತಿ ಮಾತ್ರ ಕೊನೆವರೆಗೂ ‘ತಗುಲಿದವರ’ ಪಟ್ಟಿಯಲ್ಲೇ. ಹೀಗೆ ಎರಡು ಗುಂಪೂ ಒಂದರೊಳಗೊಂದು ಬೆರೆತರೆ ವ್ಯತ್ಯಾಸ ಅಳಿಸಿಹೋಗುತ್ತದೆ. ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೇ ‘ಅಪಾಯವಿಲ್ಲ’ ಎಂದು ಓದಲಾಯಿತು. ತನ್ನ ಮಾಹಿತಿಯನ್ನು ಹೀಗೆ ಬಳಸುವುದು ಸರಿಯಲ್ಲ ಎಂದು ಕ್ಯಾನ್ಸರ್ ಸೊಸೈಟಿಯೇ ಆಕ್ಷೇಪಿಸಿತ್ತು.

ಇದೊಂದೇ ಅಲ್ಲ. ಪರೋಕ್ಷ ಧೂಮಪಾನದ ಕುರಿತ 106 ವಿಮರ್ಶಾ ಲೇಖನಗಳನ್ನು (ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಲೇಖನಗಳು) ಬಾರ್ನ್ಸ್ ಮತ್ತು ಬೆರೊ 1998ರಲ್ಲಿ ಪರಿಶೀಲಿಸಿದರು. ತಂಬಾಕು ಉದ್ಯಮದ ನಂಟಿದ್ದ ಲೇಖಕರ 31 ಲೇಖನಗಳಲ್ಲಿ 29 ‘ಹಾನಿಯಿಲ್ಲ’ ಎಂದಿದ್ದವು. ನಂಟಿಲ್ಲದವರ 75ರಲ್ಲಿ ಹಾಗೆಂದದ್ದು 10. ಕಾಸಿಗೆ ತಕ್ಕ ಕಜ್ಜಾಯ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಸಿಗುವುದು ಅಪರೂಪ. ನಿಮ್ಮ ಮನೆಯವರಿಗೆ ಈ ಎರಡು ಸಾಲು ತೋರಿಸಿ, ಸೇದುವುದಾದರೆ ಮನೆಯ ಹೊರಗೆ ಎಂದು ಹೇಳಿ.

ಪ್ರಶ್ನೆ: ಪತ್ರಿಕೋದ್ಯಮ ವಿದ್ಯಾರ್ಥಿ ನಾನು. ಒಂದು ಪ್ರಬಂಧಕ್ಕೆ ಯಾರ ಹಣ ಎಂದು ಪತ್ತೆ ಹಚ್ಚುವುದು ಹೇಗೆ? (ಧಾರವಾಡ)

ಮೊದಲು ಪ್ರಬಂಧದ ಕೊನೆಗೆ ಹೋಗಿ. ಆಕರ ಪಟ್ಟಿಗೆ ಸ್ವಲ್ಪ ಮೇಲೆ ಹಣದ ಮೂಲ ಮತ್ತು ಹಿತಾಸಕ್ತಿ ಸಂಘರ್ಷದ ಹೇಳಿಕೆ ಇರುತ್ತದೆ. ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಹಲವು ಪ್ರಬಂಧಗಳಿಗೆ ಸಾರಾಂಶದ ಕೆಳಗೇ ಇದು ಸಿಗುತ್ತದೆ. ಹಳೆಯ ಪ್ರಬಂಧವಾದರೆ ಮೊದಲ ಪುಟದ ಅಡಿಟಿಪ್ಪಣಿ ಮತ್ತು ಕೃತಜ್ಞತೆಯ ಸಾಲು ಓದಿ. ಮೇಲೆ ಹೇಳಿದ ಟೊಬ್ಯಾಕೊ ರಿಸರ್ಚ್ ಕೌನ್ಸಿಲ್, ಇಂಡೋರ್ ಏರ್ ಸೆಂಟರ್ ಎರಡೂ ಸಿಗರೇಟು ಕಂಪನಿಗಳಿಗೂ ಅಮೆರಿಕದ ರಾಜ್ಯಗಳಿಗೂ ಆದ 1998ರ ಒಪ್ಪಂದದಂತೆ ಮುಚ್ಚಿವೆ. ಈಚಿನವುಗಳಲ್ಲಿ ಫೌಂಡೇಶನ್ ಫಾರ್ ಎ ಸ್ಮೋಕ್-ಫ್ರೀ ವರ್ಲ್ಡ್ ಹೆಸರು ಹುಡುಕಿ; 2017ರಲ್ಲಿ ಫಿಲಿಪ್ ಮಾರಿಸ್ ಇಂಟರ್‌ನ್ಯಾಷನಲ್ ಹಣದಿಂದ ಶುರುವಾದ ಅದು 2024ರಲ್ಲಿ ಗ್ಲೋಬಲ್ ಆಕ್ಷನ್ ಟು ಎಂಡ್ ಸ್ಮೋಕಿಂಗ್ ಆಯಿತು.

ಆಮೇಲೆ ಲೇಖಕರ ಹಿನ್ನೆಲೆ. ಮೊಕದ್ದಮೆಗಳಲ್ಲಿ ಹೊರಬಿದ್ದ ಕಂಪನಿಗಳ ಒಳಕಾಗದಗಳು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರದ ‘ಟ್ರುತ್ ಟೊಬ್ಯಾಕೊ ಇಂಡಸ್ಟ್ರಿ ಡಾಕ್ಯುಮೆಂಟ್ಸ್’ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಇನಿಷಿಯಲ್ ಹಿಂದೆಮುಂದೆ ಮಾಡಿ ಹುಡುಕಿ. ಹಳೆಯ ಕಾಗದಗಳ ಸ್ಕ್ಯಾನ್‌ನಲ್ಲಿ ಅಕ್ಷರ ತಪ್ಪಾಗಿ ದಾಖಲಾಗಿರುವುದುಂಟು.

ಹೊಸಬರು ಎಡವುವುದು ಇಲ್ಲೇ: ಹೆಸರು ಕಂಡ ಕೂಡಲೇ ದುಡ್ಡು ತಿಂದರು ಎಂದು ಬರೆದುಬಿಡುತ್ತಾರೆ. ಕಂಪನಿಗಳು ತಮ್ಮ ಟೀಕಾಕಾರರ ಮೇಲೂ ಕಡತ ಇಟ್ಟಿದ್ದವು. ಒಂದೇ ಹೆಸರಿನ ಇಬ್ಬರೂ ಇರಬಹುದು. ಒಪ್ಪಂದ ಪತ್ರ, ಬಿಲ್ಲು, ಪಾವತಿ, ಇವುಗಳಲ್ಲಿ ಒಂದಾದರೂ ಕೈಗೆ ಸಿಗುವವರೆಗೆ ಬರೆಯಬೇಡಿ.

ಪ್ರಶ್ನೆ: ನಮ್ಮ ಕಡೆ ತಂಬಾಕೇ ಬದುಕು. ತಂಬಾಕಿನ ಹಾನಿ ತೋರಿಸಿದ ಅಧ್ಯಯನವೆಲ್ಲ ವಿದೇಶದ್ದು, ಭಾರತದಲ್ಲಿ ಆಗೇ ಇಲ್ಲ ಎನ್ನುತ್ತಾರಲ್ಲ? (ಪಿರಿಯಾಪಟ್ಟಣ)

2015ರಲ್ಲಿ ತಂಬಾಕು ಪೊಟ್ಟಣಗಳ ಮೇಲಿನ ಎಚ್ಚರಿಕೆ ಚಿತ್ರ ದೊಡ್ಡದು ಮಾಡುವ ವಿಚಾರ ಬಂದಾಗ ಸಂಸದೀಯ ಸಮಿತಿಯ ಅಧ್ಯಕ್ಷರೇ ಹೀಗೆಂದಿದ್ದರು. ಅದು ತಪ್ಪು. 1955ರಷ್ಟು ಹಿಂದೆಯೇ ಮುಂಬಯಿಯ ಸಾಂಘ್ವಿ, ರಾವ್, ಖಾನೋಲ್ಕರ್ ಸೇದುವುದಕ್ಕೂ ಅಗಿಯುವುದಕ್ಕೂ ಬಾಯಿ-ಗಂಟಲಿನ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಪ್ರಕಟಿಸಿದ್ದರು. 2008ರಲ್ಲಿ ಪ್ರಭಾತ್ ಝಾ ಮತ್ತು ಸಂಗಡಿಗರು ದೇಶದ 11 ಲಕ್ಷ ಮನೆಗಳಿಂದ ಮಾಹಿತಿ ತೆಗೆದು, ಸುಮಾರು 74,000 ಸಾವುಗಳನ್ನು ಬದುಕಿರುವ 78,000 ಜನರ ಜೊತೆ ಹೋಲಿಸಿದರು. ಬೀಡಿ ಸೇದುವ ಗಂಡಸರ ಆಯಸ್ಸು ಸುಮಾರು 6 ವರ್ಷ, ಸಿಗರೇಟು ಸೇದುವವರದು ಸುಮಾರು 10 ವರ್ಷ ಕಡಿಮೆ ಎಂದು ಕಂಡುಬಂತು. ಕ್ಯಾನ್ಸರ್ ಅಷ್ಟೇ ಅಲ್ಲ. ನಮ್ಮಲ್ಲಿ ಧೂಮಪಾನಿಗಳನ್ನು ಕ್ಷಯವೂ ಹೆಚ್ಚಾಗಿ ಕೊಲ್ಲುತ್ತದೆ. ಇದು ಭಾರತದ ಅಧ್ಯಯನಗಳೇ ಎತ್ತಿ ತೋರಿಸಿದ ಸಂಗತಿ.