ಮಳೆ ಒಂದೇ, ಗಿಡ ಯಾಕೆ ಒಂದು ಕಡೆ ಎದೆಯೆತ್ತರ, ಇನ್ನೊಂದು ಕಡೆ ಮೊಣಕಾಲೆತ್ತರ?

ನೀವು ಕೇಳಿದ್ದು ಇಷ್ಟು: ಚಳ್ಳಕೆರೆ ಹತ್ತಿರ ಗುಡ್ಡದ ಗರಸು (ಕಲ್ಲು, ಉಸುಕು ಬೆರೆತ) ನೆಲದಲ್ಲಿ ತಂಗಡಿ ಗಿಡ ಎದೆಯೆತ್ತರ ಇತ್ತು, ಸ್ವಲ್ಪ ಆಚೆ ಎರೆ (ಕಪ್ಪು ಜಿಗುಟು ಮಣ್ಣಿನ) ಹೊಲದ ಬದುವಿನಲ್ಲಿ ಅದೇ ಗಿಡ ಮೊಣಕಾಲು ದಾಟಿಲ್ಲ. ಎರೆ ಮಣ್ಣು ಫಲವತ್ತು ಅಲ್ವಾ, ಮತ್ತೆ ಯಾಕೆ ಹೀಗೆ?

ನಾನು ಆ ಕಡೆಯವನೇ. ಎಂ.ಎಸ್ಸಿ ಓದುವಾಗ ಟೇಪು, ತಕ್ಕಡಿ ಹಿಡಿದು ಈ ಕುರುಚಲು ಗಿಡಗಳ ಹಿಂದೆ ಅಲೆದಿದ್ದೇನೆ.

ನಮ್ಮಲ್ಲಿ ವರ್ಷಕ್ಕೆ ಬೀಳುವುದು 500 ಮಿ.ಮೀ ಆಸುಪಾಸು. ಜೂನ್, ಜುಲೈನಲ್ಲಿ ಮೋಡ ಬರುತ್ತದೆ, ಮಳೆ ಬರುವುದಿಲ್ಲ. ಅದನ್ನು ಘಟ್ಟವೇ ಹಿಂಡಿಕೊಂಡಿರುತ್ತದೆ. ನಮ್ಮ ಪಾಲಿಗೆ ಆಷಾಢದ ಗಾಳಿ ಮಾತ್ರ, ಅದು ಇದ್ದಬದ್ದ ಪಸೆಯನ್ನೂ ಎಳೆದುಕೊಂಡು ಹೋಗುತ್ತದೆ. ಗಿಡ ಚಿಗುರುವಂಥ ಮಳೆ ಉತ್ತರೆ, ಚಿತ್ತೆ ಹೊತ್ತಿಗೆ, ಅಂದರೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ.

ಎಷ್ಟು ಮಳೆ ಬಿತ್ತು ಅನ್ನುವುದಕ್ಕಿಂತ, ಬಿದ್ದ ನೀರು ಬೇರಿಗೆ ಎಷ್ಟು ದಿನ ಸಿಕ್ಕಿತು ಅನ್ನುವುದೇ ಮುಖ್ಯ. ಗರಸಿನಲ್ಲಿ ನೀರು ಸರ್ರನೆ ಕೆಳಗಿಳಿಯುತ್ತದೆ, ಬಿಸಿಲಿಗೆ ಸಿಗುವುದಿಲ್ಲ. ಎರೆ ಮಣ್ಣು ಅದನ್ನು ಮೇಲೆಯೇ ಹಿಡಿದುಕೊಳ್ಳುತ್ತದೆ, ಅದರಲ್ಲಿ ಬಹಳಷ್ಟು ಆವಿಯಾಗುತ್ತದೆ. ಉಳಿದದ್ದನ್ನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮುಟ್ಟಿದರೆ ತಣ್ಣಗೆ ಪಸೆ ಇರುತ್ತದೆ, ಆದರೂ ಗಿಡ ಬಾಡುತ್ತದೆ. ಜಿಪುಣನ ಮನೆಯ ಕಣಜ ಇದ್ದ ಹಾಗೆ! ಬೇಸಿಗೆಯಲ್ಲಿ ಎರೆ ನೆಲ ಬಾಯಿ ಬಿಟ್ಟಾಗ ಎಳೆ ಬೇರುಗಳೂ ಹರಿಯುತ್ತವೆ.

ಹಾಗಂತ ಎರೆ ಯಾವಾಗಲೂ ಕೆಟ್ಟದ್ದಲ್ಲ. ಇಸ್ರೇಲಿನ ಪರಿಸರ ವಿಜ್ಞಾನಿ ಇಮ್ಮಾನುಯೆಲ್ ನೋಯ್-ಮೇರ್ 1973ರಲ್ಲೇ ಬರೆದಿದ್ದರು: ಒಣಸೀಮೆಯಲ್ಲಿ ಉಸುಕು, ಕಲ್ಲು ಬೆರೆತ ನೆಲ ಮೇಲು, ಮಳೆ ಹೆಚ್ಚಾದಂತೆ ಲೆಕ್ಕ ತಿರುಗುತ್ತದೆ. ಆ ತಿರುವು 300ರಿಂದ 500 ಮಿ.ಮೀ ನಡುವೆ ಎಲ್ಲೋ ಇದೆ ಅಂತ ಅವರ ಅಂದಾಜು. ನಮ್ಮೂರು ಆ ಗಡಿಯ ಮೇಲೇ ಕೂತಿದೆ. ಹಾಗಾಗಿ ಒಳ್ಳೆ ಮಳೆಯ ವರ್ಷ ನೀವು ಬಂದಿದ್ದರೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲವೇನೋ.

ಇನ್ನೊಂದು ಮಾತು. ಗಿಡ ಎಷ್ಟು ಬೆಳೆದಿದೆ ಅನ್ನುವುದಕ್ಕೆ ತೂಕ ನೋಡಬೇಕು, ಆದರೆ ಎತ್ತರ ನೋಡಿ ತೂಕ ಹೇಳಬೇಡಿ, ಕಣ್ಣಿಗೆ ಕಾಣದ ಬೇರೂ ಇದೆ. ಒಮ್ಮೆ ಸೊಂಟದೆತ್ತರದ ತಂಗಡಿಯನ್ನು ಬೇರು ಸಮೇತ ತೆಗೆಯೋಣ ಅಂತ ಹಾರೆ ಹಿಡಿದು ಬೆಳಗ್ಗೆಯೇ ಶುರು ಮಾಡಿದೆವು. ಮಧ್ಯಾಹ್ನಕ್ಕೆ ಗುಂಡಿ ನನ್ನ ಎದೆಮಟ್ಟ ಆಗಿತ್ತು. ಹೆಬ್ಬೆರಳು ದಪ್ಪದ ತಾಯಿಬೇರು ಇನ್ನೂ ಕಲ್ಲಿನ ಸೀಳಿನೊಳಗೆ ಇಳಿಯುತ್ತಲೇ ಇತ್ತು. ಅಲ್ಲಿಗೇ ಕುಡುಗೋಲು ಹಾಕಿ ಮೇಲೆ ಬಂದೆವು. ಬಳ್ಳಾರಿ ಜಾಲಿಯ ನೆಂಟ ಮರವೊಂದರ ಬೇರು ಅಮೆರಿಕದ ಅರಿಜೋನಾದ ಗಣಿಯಲ್ಲಿ 50 ಮೀಟರಿಗೂ ಆಳದಲ್ಲಿ ಸಿಕ್ಕಿತ್ತು.

ನೀವೇ ಅಳೆಯುವುದಾದರೆ ಕಾಂಡದ ಬುಡದ ದಪ್ಪ, ಎತ್ತರ, ಹರವಿನ ಅಗಲ (ಎರಡು ದಿಕ್ಕಿಗೆ) ಬರೆದುಕೊಳ್ಳಿ. ಕೆಲವು ಗಿಡ ಕತ್ತರಿಸಿ, ತೂಕ ಇಳಿಯುವುದು ನಿಲ್ಲುವ ತನಕ 70-80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ತೂಗಿ. ಅಳತೆಗೂ ತೂಕಕ್ಕೂ ಇರುವ ನಂಟು ಸಿಕ್ಕರೆ ಉಳಿದ ಗಿಡಗಳ ತೂಕವನ್ನು ಕತ್ತರಿಸದೆಯೇ ಅಂದಾಜು ಮಾಡಬಹುದು. ನಾನು ಮೊದಲ ಸಲ ಹಸಿಯನ್ನೇ ತೂಗಿ ಗೈಡ್ ಹತ್ತಿರ ಬೈಸಿಕೊಂಡಿದ್ದೆ.

ಆಮೇಲೆ ಆಡು ಕಾಯುವವರನ್ನು ಮರೆಯದೆ ಮಾತಾಡಿಸಿ. ತಂಗಡಿ ಮತ್ತು ಬಂದರೆ (ಬಂದರಿಕೆ) ಅನ್ನುವ ಗಿಡಗಳನ್ನು ಆಡು ಮೂಸಿ ಬಿಡುತ್ತದೆ, ಬಾರೆ (ಎಲಚಿ) ಗಿಡವನ್ನು ಬಿಡುವುದೇ ಇಲ್ಲ. ಒಂದು ಗುಡ್ಡದ ಬಾರೆ ಗಿಡಗಳೆಲ್ಲ ಮೋಟು ಮೋಟಾಗಿದ್ದವು ಅಂತ ನಾನು ಒಂದು ತಿಂಗಳು ಸುಮ್ನೆ ಅಲ್ಲಿನ ಮಣ್ಣು ಪರೀಕ್ಷೆ ಮಾಡಿದ್ದೆ. ಅದು ಪಕ್ಕದ ಹಟ್ಟಿಯ ಆಡುಗಳ ಕೆಲಸ.