ಅಮೆರಿಕನ್ ಸಾಮೋವಾಕ್ಕೆ ಬರಲಿರುವ ತಂಗಿಗೆ

ನಿನ್ನ ಪತ್ರ ಓದಿದೆ. ಗಂಡನಿಗೆ ದಕ್ಷಿಣ ಪೆಸಿಫಿಕ್ ಸಾಗರದ ಈ ದ್ವೀಪಗಳ ರಾಜಧಾನಿ ಪಾಂಗೊ ಪಾಂಗೊದಲ್ಲಿ ಲೆಕ್ಕಪತ್ರದ ಕೆಲಸ ಸಿಗುವಂತಿದೆ, ಅಮೆರಿಕನ್ ಸಾಮೋವಾ ಎಂದರೆ ಅಮೆರಿಕವೇ ತಾನೆ, ನಾಲ್ಕೈದು ವರ್ಷ ಅಲ್ಲಿದ್ದರೆ ಗ್ರೀನ್ ಕಾರ್ಡ್ ಆಗುತ್ತದೆಯೆ, ಮನೆ ಕೊಳ್ಳಬಹುದೆ, ಜನ ಹೇಗೆ, ಊಟಕ್ಕೇನು ಎಂದೆಲ್ಲ ಕೇಳಿದ್ದೀಯ. ಅಕ್ಕ ಎಂದು ಕರೆದಿರುವೆಯಾದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ. ನಾನು ಶಿಕ್ಷಕಿಯಾಗಿ ಬಂದು ಇಲ್ಲೇ ನೆಲೆಸಿದವಳು. ಈ ದ್ವೀಪದ ಮೇಲೆ ನನಗೆ ಪ್ರೀತಿಯಿದೆ. ಅದಕ್ಕಾಗಿಯೇ ತಪ್ಪು ನಿರೀಕ್ಷೆ ಹೊತ್ತು ಯಾರೂ ಇಲ್ಲಿಗೆ ಬರಬಾರದೆಂಬ ಆಸೆಯೂ ಇದೆ.

ಗ್ರೀನ್ ಕಾರ್ಡಿನ ವಿಷಯ ಮೊದಲು ಮುಗಿಸುತ್ತೇನೆ. ಇಲ್ಲ, ಸಿಗುವುದಿಲ್ಲ. ಇಲ್ಲಿ ಹಾರುವುದು ಅಮೆರಿಕದ ಬಾವುಟ, ನಡೆಯುವುದು ಡಾಲರ್, ಅಂಚೆಯೂ ಅಮೆರಿಕದ್ದೇ. ಆದರೆ ಅಮೆರಿಕದ ವಲಸೆ ಕಾನೂನಿನ ಲೆಕ್ಕದಲ್ಲಿ ಈ ನೆಲ ಆ ದೇಶದ ಹೊರಗಿದೆ. ಯಾರನ್ನು ಒಳಗೆ ಬಿಡಬೇಕೆಂದು ತೀರ್ಮಾನಿಸುವುದು ಇಲ್ಲಿನ ಸ್ಥಳೀಯ ಸರ್ಕಾರ. ಅಮೆರಿಕದ ವೀಸಾ ತೋರಿಸಿದರೆ ಇಲ್ಲಿ ಪ್ರವೇಶವಿಲ್ಲ, ಇಲ್ಲಿನ ಪರವಾನಗಿ ತೋರಿಸಿದರೆ ಹವಾಯಿಯಲ್ಲಿ ಇಳಿಯುವಂತಿಲ್ಲ. ಇಲ್ಲಿ ಇಪ್ಪತ್ತು ವರ್ಷ ದುಡಿದರೂ ಅದು ಅಮೆರಿಕದಲ್ಲಿ ಇದ್ದ ಕಾಲವೆಂದು ಲೆಕ್ಕಕ್ಕೆ ಬರುವುದಿಲ್ಲ. ಅಷ್ಟೇ ಏಕೆ, ಇಲ್ಲೇ ಹುಟ್ಟಿ ಬೆಳೆದ ಸಾಮೋವಾದವರಿಗೇ ಹುಟ್ಟಿನಿಂದ ಅಮೆರಿಕದ ಪೌರತ್ವವಿಲ್ಲ. ಅವರನ್ನು ಅಮೆರಿಕದ ‘ನ್ಯಾಷನಲ್’ ಎಂದು ಕರೆಯುತ್ತಾರೆ. ಅಮೆರಿಕದ ಪಾಸ್‌ಪೋರ್ಟ್ ಸಿಗುತ್ತದೆ, ಆ ದೇಶದಲ್ಲಿ ಎಲ್ಲಿ ಬೇಕಾದರೂ ಇದ್ದು ದುಡಿಯಬಹುದು, ಸೇನೆಗೆ ಸೇರಬಹುದು. ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ.

ಇದು ಅನ್ಯಾಯವೆಂದು ನಿನಗೆ ಅನ್ನಿಸಬಹುದು. ಅನ್ಯಾಯವೆಂದು ನ್ಯಾಯಾಲಯಕ್ಕೆ ಹೋದ ಸಾಮೋವಾದವರೂ ಇದ್ದಾರೆ. ಯೂಟಾ ರಾಜ್ಯದಲ್ಲಿ ನೆಲೆಸಿದ್ದ ಕೆಲವರು ಹೂಡಿದ್ದ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲು ಅಮೆರಿಕದ ಸುಪ್ರೀಂ ಕೋರ್ಟ್ 2022ರಲ್ಲಿ ನಿರಾಕರಿಸಿತು. ಆ ಮೊಕದ್ದಮೆಯಲ್ಲಿ ಪೌರತ್ವ ಹೇರಬೇಡಿ ಎಂದು ವಾದಿಸಿದ್ದು ಇಲ್ಲಿನ ಸರ್ಕಾರವೇ. ಕಾರಣ ಭೂಮಿ. ಈ ಒಂದು ಸಂಗತಿ ಅರ್ಥವಾದರೆ ಇಲ್ಲಿನ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಇಲ್ಲಿನ ನೆಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಕುಟುಂಬಗಳ ಸಾಮೂಹಿಕ ಆಸ್ತಿ. ಕುಟುಂಬವೆಂದರೆ ಗಂಡ, ಹೆಂಡತಿ, ಮಕ್ಕಳಷ್ಟೇ ಅಲ್ಲ; ‘ಆಯಿಂಗ’ ಎಂದು ಕರೆಯುವ ದೊಡ್ಡ ಬಳಗ. ಅದಕ್ಕೊಬ್ಬ ‘ಮತಾಯಿ’, ಅಂದರೆ ಬಿರುದು ಹೊತ್ತ ಯಜಮಾನ, ಕೆಲವೆಡೆ ಯಜಮಾನಿ. ಯಾರು ಎಲ್ಲಿ ಮನೆ ಕಟ್ಟಬೇಕು, ಯಾರು ಯಾವ ತೋಟ ಮಾಡಬೇಕು ಎಂಬುದು ಮತಾಯಿಯ ಮಾತಿನಂತೆ ನಡೆಯುತ್ತದೆ. ಈ ಭೂಮಿಯನ್ನು ಹೊರಗಿನವರಿಗೆ ಮಾರುವಂತಿಲ್ಲ. ಗುತ್ತಿಗೆಗೆ ಕೊಡಬಹುದು, ಅದೂ 55 ವರ್ಷ ಮೀರದಂತೆ, ಗವರ್ನರರ ಒಪ್ಪಿಗೆ ಪಡೆದು. ಪೌರತ್ವ ಬಂದರೆ, ವಂಶದ ಆಧಾರದ ಮೇಲೆ ಭೂಮಿ ಕಾಯುವ ಈ ಕಾನೂನು ಎಲ್ಲರಿಗೂ ಸಮಾನ ರಕ್ಷಣೆ ಹೇಳುವ ಅಮೆರಿಕದ ಸಂವಿಧಾನದ ಮುಂದೆ ನಿಲ್ಲುವುದೋ ಇಲ್ಲವೋ ಎಂಬ ಅಂಜಿಕೆ ಇಲ್ಲಿನ ಹಿರಿಯರಿಗಿದೆ. ಹವಾಯಿಯಲ್ಲಿ ಮೂಲ ನಿವಾಸಿಗಳ ಕೈಯಿಂದ ಭೂಮಿ ಜಾರಿಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಕೂಡ ಇಲ್ಲಿ ಕಾಡನ್ನು ಕೊಳ್ಳಲಾಗದೆ, 1993ರಲ್ಲಿ ಹಳ್ಳಿಗಳಿಂದ 50 ವರ್ಷಕ್ಕೆ ಗುತ್ತಿಗೆ ಪಡೆಯಿತು. ಹಾಗಿರುವಾಗ ನಾನೂ ನೀನೂ ಮನೆ ಕೊಳ್ಳುವ ಮಾತೆಲ್ಲಿ? ಬಾಡಿಗೆಗೆ ಇರಬೇಕು. ನನಗೆ ಅದರಲ್ಲಿ ಯಾವ ನೋವೂ ಇಲ್ಲ. ಐವತ್ತು ಸಾವಿರ ಜನರ ಸಮುದಾಯವೊಂದು ಮಹಾಸಾಗರದ ನಡುವೆ ತನ್ನತನ ಉಳಿಸಿಕೊಂಡಿದ್ದರೆ ಅದು ಈ ಕಾನೂನಿನ ಬಲದಿಂದ, ಮತ್ತು ಅದು ಸರಿ ಎಂದೇ ನನ್ನ ನಂಬಿಕೆ.

ಇದರ ಬೇರು 1899ರಲ್ಲಿದೆ. ಆ ವರ್ಷ ಜರ್ಮನಿ, ಬ್ರಿಟನ್, ಅಮೆರಿಕ ಸೇರಿ ಸಾಮೋವಾವನ್ನು ಎರಡಾಗಿ ಹಂಚಿದವು. ಪಶ್ಚಿಮದ ದೊಡ್ಡ ದ್ವೀಪಗಳು ಜರ್ಮನಿಗೆ ಹೋದವು. ಅವೇ ಇಂದಿನ ಸ್ವತಂತ್ರ ಸಾಮೋವಾ. ಪೂರ್ವದ ದ್ವೀಪಗಳು ಅಮೆರಿಕಕ್ಕೆ. ಇವುಗಳಲ್ಲಿ ಮುಖ್ಯ ದ್ವೀಪವಾದ ಟುಟುಯಿಲಾದ ಮುಖ್ಯಸ್ಥರು 1900ರ ಏಪ್ರಿಲ್ 17ರಂದು ಒಪ್ಪಂದಪತ್ರಕ್ಕೆ ಸಹಿ ಹಾಕಿದರು. ಜನರ ಭೂಮಿಯ ಹಕ್ಕನ್ನು ಕಾಪಾಡುತ್ತೇವೆಂಬ ಮಾತು ಆ ಪತ್ರದಲ್ಲೇ ಇದೆ. ಮನುಆ ದ್ವೀಪಗಳ ಅರಸ ಟುಯಿ ಮನುಆ ಎಲಿಸಾಲ ಸಹಿ ಹಾಕಿದ್ದು 1904ರಲ್ಲಿ. ಅಮೆರಿಕಕ್ಕೆ ಬೇಕಾಗಿದ್ದದ್ದು ಹಡಗುಗಳಿಗೆ ಕಲ್ಲಿದ್ದಲು ತುಂಬಿಸುವ ಬಂದರು. 1951ರವರೆಗೂ ಇಲ್ಲಿ ಆಳಿದ್ದು ನೌಕಾಪಡೆಯೇ.

ನೌಕಾಪಡೆಯ ಆಳ್ವಿಕೆಯಲ್ಲಿ ಒಂದು ಕೆಲಸವನ್ನು ಇಲ್ಲಿನವರು ಮರೆತಿಲ್ಲ. 1918ರಲ್ಲಿ ಇನ್‌ಫ್ಲುಯೆಂಜಾ ಲೋಕವನ್ನೆಲ್ಲ ಬಡಿದಾಗ ಗವರ್ನರ್ ಜಾನ್ ಪೋಯರ್ ಬಂದರನ್ನು ಬಿಗಿಯಾಗಿ ಮುಚ್ಚಿಸಿದರು. ಹಳ್ಳಿಗರೇ ಕರಾವಳಿ ಕಾದು, ಬೇರೆ ದೋಣಿಗಳು ದಡ ಸೇರದಂತೆ ನೋಡಿಕೊಂಡರು. ಸುಮಾರು 130 ಕಿಲೋಮೀಟರ್ ದೂರದ ಪಶ್ಚಿಮ ಸಾಮೋವಾದಲ್ಲಿ ಐದರಲ್ಲೊಬ್ಬರು ಸತ್ತರು. ಇಲ್ಲಿ ಆ ಜ್ವರಕ್ಕೆ ಯಾರೂ ಬಲಿಯಾಗಲಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಸರ್ಕಾರ ಗಡಿ ಮುಚ್ಚಿದ್ದರಿಂದ ತಮ್ಮ ಮಕ್ಕಳೇ ಹವಾಯಿಯಲ್ಲಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡರೂ ಜನ ಸಹಿಸಿಕೊಂಡದ್ದರ ಹಿಂದೆ ಈ ನೆನಪಿದೆ. ಹೊರಗಿನಿಂದ ಬರುವವರ ಬಗ್ಗೆ ಇಲ್ಲಿನ ಎಚ್ಚರಿಕೆಯನ್ನು ಅಸೂಯೆಯೆಂದು ತಿಳಿಯಬೇಡ.

ಈಗಿನ ಆಡಳಿತ 1967ರ ಸಂವಿಧಾನದಂತೆ ನಡೆಯುತ್ತದೆ. ಜನರು ಆರಿಸಿದ ಮೊದಲ ಗವರ್ನರ್ ಪೀಟರ್ ಟಾಲಿ ಕೋಲ್ಮನ್ ಅಧಿಕಾರಕ್ಕೆ ಬಂದದ್ದು 1978ರಲ್ಲಿ. 2025ರ ಜನವರಿಯಿಂದ ಪುಲಾ ನಿಕೊಲಾವ್ ಪುಲಾ ಇದ್ದಾರೆ. ಶಾಸನಸಭೆಯ ಹೆಸರು ‘ಫೋನೊ’, ಇರುವುದು ಫಾಂಗಟೊಂಗೊದಲ್ಲಿ. ಕೆಳಮನೆಗೆ ಜನ ಮತ ಹಾಕುತ್ತಾರೆ. ಮೇಲ್ಮನೆಯ 18 ಸದಸ್ಯರು ಮತಾಯಿಗಳೇ ಆಗಿರಬೇಕು; ಅವರನ್ನು ಸಂಪ್ರದಾಯದಂತೆ ಆಯಾ ಪ್ರದೇಶದ ಮಂಡಲಿಗಳು ಆರಿಸುತ್ತವೆ. ಆದರೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯನ್ನು ವಾಷಿಂಗ್ಟನ್ನಿನ ಒಳಾಡಳಿತ ಕಾರ್ಯದರ್ಶಿ ನೇಮಿಸುತ್ತಾರೆ. ಅಮೆರಿಕದ ಪ್ರತಿನಿಧಿ ಸಭೆಗೂ ಇಲ್ಲಿಂದ ಒಬ್ಬರು ಹೋಗುತ್ತಾರೆ, ಆದರೆ ಅಂತಿಮ ಮತದಾನದಲ್ಲಿ ಅವರಿಗೆ ಮತವಿಲ್ಲ.

ಹಳ್ಳಿಯೊಳಗೆ ಬಂದರೆ ಬೇರೆಯೇ ಸರ್ಕಾರ. ಮುಸ್ಸಂಜೆ ‘ಸಾ’ ಎಂಬ ಪ್ರಾರ್ಥನೆಯ ಹೊತ್ತಿದೆ. ಗಂಟೆಯೋ ಶಂಖವೋ ಮೊಳಗುತ್ತದೆ, ಹಳ್ಳಿಯ ಯುವಕರು ರಸ್ತೆ ಬದಿಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಆಗ ನಡೆಯುತ್ತಿದ್ದರೆ ನಿಂತುಬಿಡು. ಭಾನುವಾರ ಹಳ್ಳಿಯಲ್ಲಿ ಗಲಾಟೆಯ ಕೆಲಸ, ಸಮುದ್ರದಲ್ಲಿ ಈಜು ಬೇಡ. ಯಾರದೇ ಹಳ್ಳಿಯ ಮರಳದಂಡೆಗೆ ಹೋಗುವ ಮೊದಲು ಅಲ್ಲಿನವರನ್ನು ಕೇಳಬೇಕು. ದಂಡೆ ಕೂಡ ಅವರದೇ. ಕೇಳಿದರೆ ಬೇಡವೆನ್ನುವವರನ್ನು ನಾನು ಕಂಡಿಲ್ಲ. ತೊಡೆ ಕಾಣುವ ಉಡುಪಿನಲ್ಲಿ ಹಳ್ಳಿಯೊಳಗೆ ಓಡಾಡಬೇಡ. ‘ಲಾವಲಾವಾ’ ಸುತ್ತಿಕೊಂಡರೆ ಸಾಕು, ನಮ್ಮ ಲುಂಗಿಯಂಥದ್ದೇ ಬಟ್ಟೆ. ಹಿರಿಯರು ಕುಳಿತಿರುವಲ್ಲಿ ನಿಂತು ಮಾತನಾಡುವುದು ಅಗೌರವ. ಸಾವಾಗಲಿ ಮದುವೆಯಾಗಲಿ ಕುಟುಂಬ ಕುಟುಂಬಗಳ ನಡುವೆ ಕೊಡುಕೊಳ್ಳುವಿಕೆ ದೊಡ್ಡದು: ನವಿರಾಗಿ ಹೆಣೆದ ಚಾಪೆಗಳು, ಹಂದಿ, ಹಣ. ನಿನ್ನ ಗಂಡನ ಸಹೋದ್ಯೋಗಿ ಸಂಬಳವಾದ ವಾರವೇ ಕೈ ಬರಿದು ಎಂದರೆ ಅವನನ್ನು ದುಂದುಗಾರನೆಂದು ಎಣಿಸಬೇಡ.

ನಾಡಿನ ಬಗ್ಗೆ ಕೇಳಿದ್ದೀಯ. ಐದು ಜ್ವಾಲಾಮುಖಿ ದ್ವೀಪಗಳು, ಎರಡು ಹವಳದ ದ್ವೀಪಗಳು, ಒಟ್ಟು 199 ಚದರ ಕಿಲೋಮೀಟರ್. ಬಹುತೇಕ ಎಲ್ಲರೂ ಇರುವುದು ಟುಟುಯಿಲಾದಲ್ಲಿ. ಬಂದರು ಹಳೆಯ ಜ್ವಾಲಾಮುಖಿಯ ಬಾಯಿ. ದ್ವೀಪವನ್ನು ಎರಡಾಗಿ ಸೀಳುವಷ್ಟು ಒಳಗೆ ನುಗ್ಗಿದೆ. ಅದರ ಮೇಲೆ ಮೋಡ ತಡೆಯುವ ಪಿಯೋವಾ ಬೆಟ್ಟ. ಬಂದರಿನ ಸುತ್ತ ವರ್ಷಕ್ಕೆ ಸುಮಾರು 5,000 ಮಿಲಿಮೀಟರ್ ಮಳೆ. ಆಗುಂಬೆಯಷ್ಟಿಲ್ಲ ನಿಜ, ಆದರೆ ಇಲ್ಲಿ ಮಳೆ ತೀರಾ ಬಿಡುವ ತಿಂಗಳೆಂಬುದಿಲ್ಲ. ಸಮತಟ್ಟು ನೆಲವಿರುವುದು ತಫುನಾದ ಕಡೆ. ವಿಮಾನ ನಿಲ್ದಾಣವೂ ಬಾಡಿಗೆ ಮನೆಗಳೂ ಅಲ್ಲೇ ಹೆಚ್ಚು. ಮನೆ ನೋಡುವಾಗ ಸಮುದ್ರದ ನೋಟಕ್ಕೆ ಮನಸೋಲಬೇಡ. 2009ರ ಸೆಪ್ಟೆಂಬರ್ 29ರ ಬೆಳಗ್ಗೆ ಭೂಕಂಪವಾಗಿ ಕೆಲವೇ ನಿಮಿಷಗಳಲ್ಲಿ ಸುನಾಮಿ ಅಲೆ ನುಗ್ಗಿ ಇಲ್ಲಿ 34 ಜನ ಹೋದರು. ನೆಲ ಬಹಳ ಹೊತ್ತು ನಡುಗಿದರೆ ಸೈರನ್ನಿಗೆ ಕಾಯದೆ ಬೆಟ್ಟ ಹತ್ತಬೇಕು. ಮಕ್ಕಳಿಗೂ ಇದನ್ನು ಕಲಿಸು. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ.

ಕೆಲಸವೆಂದರೆ ಸರ್ಕಾರ, ಅದು ಬಿಟ್ಟರೆ ಸ್ಟಾರ್‌ಕಿಸ್ಟ್‌ನ ಟ್ಯೂನಾ ಮೀನಿನ ಕಾರ್ಖಾನೆ. ಇನ್ನೆರಡು ಕಾರ್ಖಾನೆಗಳು 2009ರಲ್ಲೂ 2016ರಲ್ಲೂ ಮುಚ್ಚಿದವು. 2010ರಲ್ಲಿ 55,519 ಇದ್ದ ಜನಸಂಖ್ಯೆ 2020ರಲ್ಲಿ 49,710ಕ್ಕೆ ಇಳಿಯಿತು. ಯುವಕರು ಸೇನೆಗೆ, ಅಮೆರಿಕನ್ ಫುಟ್‌ಬಾಲಿಗೆ, ಕಾಲೇಜಿಗೆ ಹೋಗುತ್ತಾರೆ, ಬಹಳ ಜನ ಮರಳುವುದಿಲ್ಲ. ಶಾಲೆಯ ಕೊನೆಯ ವರ್ಷದ ಮಕ್ಕಳನ್ನು ಕಳಿಸಿಕೊಡುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಊಟಕ್ಕೆ ಹೆದರಬೇಡ. ನೀನು ಉತ್ತರ ಕನ್ನಡದವಳಾದ್ದರಿಂದ ಅರ್ಧ ತೋಟ ಗುರುತು ಸಿಗುತ್ತದೆ: ತೆಂಗು, ಬಾಳೆ, ಕೆಸು, ದೀವಿಹಲಸು. ಕೆಸುವಿನ ಎಳೆ ಎಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬಿಸಿ ಕಲ್ಲುಗಳ ಒಲೆಯಲ್ಲಿ ಬೇಯಿಸುವ ‘ಪಲುಸಾಮಿ’ ಪತ್ರೊಡೆ ತಿಂದವರಿಗೆ ಬೇಗ ಒಗ್ಗುತ್ತದೆ. ಕೆಲವರು ಅದಕ್ಕೆ ಡಬ್ಬದ ಮಾಂಸ ಸೇರಿಸುವುದರಿಂದ ಸಸ್ಯಾಹಾರಿಯಾದರೆ ಕೇಳಿ ತಿನ್ನು. ಅಕ್ಕಿ ಸಿಗುತ್ತದೆ. ಬೇಳೆ, ಮಸಾಲೆಗಳನ್ನು ಅಮೆರಿಕದ ಅಂಚೆಯಲ್ಲಿ ತರಿಸಿಕೊಳ್ಳಬಹುದು, ಬರುವುದು ತಡ. ಹಡಗಿನಲ್ಲಿ ಬರುವ ಎಲ್ಲದಕ್ಕೂ ಬೆಲೆ ಹೆಚ್ಚು. ಆಸ್ಪತ್ರೆ ಒಂದೇ, ಫಾಂಗಆಲುವಿನಲ್ಲಿ. ದೊಡ್ಡ ಕಾಯಿಲೆಗೆ ದ್ವೀಪ ಬಿಟ್ಟು ಹೋಗಬೇಕು. ಮನೆಯಲ್ಲಿ ಹೃದಯದ ಅಥವಾ ಮೂತ್ರಪಿಂಡದ ತೊಂದರೆ ಇರುವವರಿದ್ದರೆ ಇಲ್ಲಿಗೆ ಕರೆತರುವ ಮೊದಲು ಎರಡು ಸಲ ಯೋಚಿಸು. ಊರಿಗಿಂತ ನಾವು ಹದಿನಾರೂವರೆ ಗಂಟೆ ಹಿಂದೆ. ಅಲ್ಲಿ ಸೋಮವಾರ ಮಧ್ಯಾಹ್ನ ಹನ್ನೆರಡಾದರೆ ಇಲ್ಲಿ ಭಾನುವಾರ ಸಂಜೆ ಏಳೂವರೆ. ಅಮ್ಮನಿಗೆ ಫೋನ್ ಮಾಡಲು ಒಳ್ಳೆಯ ಹೊತ್ತು ಅದೇ.

ಇನ್ನು ಕಾಗದಪತ್ರ. ಭಾರತದ ಪಾಸ್‌ಪೋರ್ಟಿನವರಿಗೆ ಇಲ್ಲಿರಲು ಸ್ಥಳೀಯ ಪ್ರಾಯೋಜಕರು ಬೇಕು. ಆ ಪ್ರಾಯೋಜಕರು ಯಾರು, ಕೆಲಸ ಬಿಟ್ಟರೆ ಪರವಾನಗಿ ಏನಾಗುತ್ತದೆ, ವಾಪಸು ಟಿಕೆಟ್ ಯಾರ ಖರ್ಚು ಎಂಬುದನ್ನು ನಿನ್ನ ಗಂಡ ಕೆಲಸ ಕೊಡುವವರಿಂದ ಬರಹದಲ್ಲೇ ಪಡೆಯಲಿ, ಅಲ್ಲಿಯವರೆಗೆ ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡದಿರಲಿ. ಹೊನೊಲುಲುವಿನಿಂದ ವಿಮಾನ ಐದೂವರೆ ಗಂಟೆಯ ದಾರಿ, ಆದರೆ ಅಲ್ಲಿ ವಿಮಾನ ಬದಲಿಸಲೂ ಅಮೆರಿಕದ ವೀಸಾ ಬೇಕು. ಅದಿಲ್ಲದಿದ್ದರೆ ಫಿಜಿ ಅಥವಾ ಆಕ್ಲೆಂಡಿನಿಂದ ಸ್ವತಂತ್ರ ಸಾಮೋವಾದ ರಾಜಧಾನಿ ಆಪಿಯಾಕ್ಕೆ ಬಂದು ಅಲ್ಲಿಂದ ಚಿಕ್ಕ ವಿಮಾನ ಹಿಡಿಯಬಹುದು. ಮುಕ್ಕಾಲು ಗಂಟೆಯೂ ಬೇಡ. ನಡುವೆ ದಿನಾಂಕ ರೇಖೆಯಿರುವುದರಿಂದ ಸೋಮವಾರ ಹೊರಟವರು ಭಾನುವಾರ ಇಳಿಯುತ್ತೀರಿ. ಟಿಕೆಟಿನ ತಾರೀಖು ನೋಡುವಾಗ ಜಾಗ್ರತೆ. ಪ್ರಾಯೋಜಕರ ಪತ್ರ ಕೈಗೆ ಬಂದ ಮೇಲೆ ಅದರಲ್ಲಿ ಬರೆದದ್ದನ್ನು ನನಗೆ ತಿಳಿಸು, ಕೂತು ಓದಿ ಹೇಳುತ್ತೇನೆ.