ದೇವರು ಹೇಳಿದ ದಾರಿಯಲ್ಲೇ ಹೋದರೂ ಯಾಕೆ ಇಷ್ಟು ಕಷ್ಟ?

"ಪ್ರಾರ್ಥನೆ ಮಾಡಿ, ಇದೇ ದೇವರ ಚಿತ್ತ ಅಂತ ನಂಬಿ ಹೆಜ್ಜೆ ಇಟ್ಟೆ. ಅವತ್ತಿಂದ ಒಂದರ ಮೇಲೊಂದು ಕಷ್ಟ. ಹಾಗಾದರೆ ನಾನು ಕೇಳಿಸಿಕೊಂಡಿದ್ದೇ ತಪ್ಪಾ?" ಅಂತ ಕೇಳಿದ್ದೀರಿ. ತಪ್ಪಿರಬಹುದು, ಇಲ್ಲದೆಯೂ ಇರಬಹುದು. ಆದರೆ ಕಷ್ಟ ಬಂತು ಅನ್ನೋ ಒಂದೇ ಕಾರಣಕ್ಕೆ ತಪ್ಪು ಅಂತ ತೀರ್ಮಾನ ಮಾಡಬೇಡಿ. ಇದೇ ಲೆಕ್ಕ ಹಾಕಿಕೊಂಡು ನಾನು ವರ್ಷಕ್ಕೂ ಜಾಸ್ತಿ ಕೊರಗಿದವನು.

ನಾನು ಕೆಲಸ ಮಾಡುತ್ತಿದ್ದ ಕಡೆ, ಬಾರದ ಸರಕಿಗೆ ಬಂದಿದೆ ಅಂತ ಸಹಿ ಹಾಕು ಅಂದರು. ಒಂದೇ ಒಂದು ಸಹಿ, ಹಿಂದಿನವರೆಲ್ಲ ಹಾಕಿದ್ದರು. ರಾತ್ರಿಯೆಲ್ಲ ಪ್ರಾರ್ಥನೆ ಮಾಡಿ ಬೆಳಿಗ್ಗೆ ಹೋಗಿ ಆಗಲ್ಲ ಅಂದೆ. ನಿಜ ಹೇಳಬೇಕೆಂದರೆ, ದೇವರು ಈಗ ಏನೋ ದೊಡ್ಡದು ಮಾಡುತ್ತಾನೆ ಅಂತ ಕಾಯುತ್ತಿದ್ದೆ, ಚರ್ಚಿನ ಸಭೆಯಲ್ಲಿ ನಿಂತು ದೇವರು ಮಾಡಿದ್ದನ್ನು ಹೇಳುವ ಸಾಕ್ಷಿಯನ್ನೂ ಮನಸ್ಸಲ್ಲೇ ಜೋಡಿಸಿ ಇಟ್ಟುಕೊಂಡಿದ್ದೆ! ಕೆಲಸ ಹೋಯಿತು. 14 ತಿಂಗಳು ಬೇರೆ ಸಿಗಲಿಲ್ಲ. ಆರಾಧನೆ ಮುಗಿದ ಮೇಲೆ ಒಬ್ಬರು ಭುಜದ ಮೇಲೆ ಕೈ ಇಟ್ಟು, "ಅರಿಕೆ ಮಾಡದ ಪಾಪ ಏನಾದರೂ ಇದೆಯಾ, ನೋಡ್ಕೊಳ್ಳಿ" ಅಂದರು. ಬೈಬಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಕೂಡ 7 ದಿನ ಬಾಯಿ ಮುಚ್ಚಿಕೊಂಡು ಕೂತಿದ್ದರು, ಇವರಿಗೆ ಅಷ್ಟೂ ತಾಳ್ಮೆ ಇರಲಿಲ್ಲ.

ನಮ್ಮಲ್ಲಿ ಒಂದು ಮಾತಿದೆ ಅಲ್ವಾ, "ಬಾಗಿಲು ತೆರೆಯಿತು, ಮನಸ್ಸಿಗೆ ಸಮಾಧಾನವೂ ಇದೆ, ಹಾಗಾಗಿ ಇದು ದೇವರ ಚಿತ್ತ." ಬೈಬಲಿನ ಪ್ರವಾದಿ ಯೋನನನ್ನು ನೋಡಿ. ದೇವರು ನಿನೆವೆ ಪಟ್ಟಣಕ್ಕೆ ಹೋಗು ಅಂದರೆ ತಾರ್ಷೀಷಿಗೆ ಓಡಿದ. ಯೊಪ್ಪ ಬಂದರಿಗೆ ಬರುವ ಹೊತ್ತಿಗೆ ಹಡಗು ಸಿದ್ಧವಾಗಿತ್ತು, ಕೈಯಲ್ಲಿ ಪ್ರಯಾಣದ ಹಣವೂ ಇತ್ತು, ಹತ್ತಿ ಕೆಳಗಿಳಿದು ಗಾಢ ನಿದ್ದೆ ಮಾಡಿದ. ಬಾಗಿಲೂ ತೆರೆದಿತ್ತು, ಸಮಾಧಾನಕ್ಕೂ ಕಡಿಮೆ ಇರಲಿಲ್ಲ, ಹೋಗುತ್ತಿದ್ದುದು ಮಾತ್ರ ಉಲ್ಟಾ ದಿಕ್ಕಿಗೆ. ಇನ್ನೊಂದು ಕಡೆ ಯೇಸುವಿನ ಶಿಷ್ಯರು. ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ಅಂತ ಸ್ವಾಮಿಯೇ ಬಲವಂತ ಮಾಡಿ ಕಳಿಸಿದ್ದು. ಎದುರುಗಾಳಿಯಲ್ಲಿ ಹುಟ್ಟು ಹಾಕಿ ಹಾಕಿ ಸುಮಾರು 5 ಕಿಲೋಮೀಟರ್ ಹೋಗುವಷ್ಟರಲ್ಲಿ ರಾತ್ರಿ ನಾಲ್ಕನೇ ಜಾವ ಆಗಿತ್ತು, ಅಂದರೆ ಬೆಳಗಿನ ಜಾವ 3 ಗಂಟೆ ದಾಟಿತ್ತು. ಅವರು ಹೇಳಿದ ಮಾತು ಕೇಳದೆ ದಡದಲ್ಲೇ ಮಲಗಿದ್ದರೆ ಬಟ್ಟೆ ಕೂಡ ಒದ್ದೆ ಆಗುತ್ತಿರಲಿಲ್ಲ.

ಮೋಶೆಯದ್ದು ಇನ್ನೂ ಕಷ್ಟ. ಗುಲಾಮರಾಗಿದ್ದ ಇಸ್ರಾಯೇಲ್ ಜನರನ್ನು ಬಿಡು ಅಂತ, ದೇವರು ಹೇಳಿದ್ದನ್ನೇ ಈಜಿಪ್ಟಿನ ರಾಜ ಫರೋಹನ ಮುಂದೆ ಹೇಳಿದ. ಫರೋಹ ಅವರಿಗೆ ಇಟ್ಟಿಗೆ ಮಾಡಲು ಹುಲ್ಲು ಕೊಡುವುದನ್ನು ನಿಲ್ಲಿಸಿ, ಇಟ್ಟಿಗೆ ಲೆಕ್ಕ ಮಾತ್ರ ಮೊದಲಿನಷ್ಟೇ ಇರಲಿ ಅಂದ. ಜನ ಬಂದು ಮೋಶೆಯನ್ನೇ ಬೈದರು. ಅವನು ದೇವರ ಹತ್ತಿರ ಹೋಗಿ, ನನ್ನನ್ನು ಯಾಕೆ ಕಳಿಸಿದೆ, ನೀನು ಈ ಜನರನ್ನು ಬಿಡಿಸಲೇ ಇಲ್ಲವಲ್ಲ ಅಂತ ನೇರವಾಗಿ ಕೇಳಿದ. ಬೈಬಲಿನ ವಿಮೋಚನಕಾಂಡ 5ನೇ ಅಧ್ಯಾಯದ ಕೊನೆ ಓದಿ. ದೇವರು ಅವನನ್ನು ಗದರಲಿಲ್ಲ. ನೀವೂ ಹಾಗೇ ಕೇಳಬಹುದು, ಸ್ತೋತ್ರದ ಮಾತೇ ಬಾಯಲ್ಲಿ ಬರಬೇಕು ಅಂತೇನಿಲ್ಲ.

ಹಾಗಂತ ಎಲ್ಲ ಕಷ್ಟವನ್ನೂ ದೇವರಿಗಾಗಿ ಹೊತ್ತ ಶಿಲುಬೆ ಅಂತ ಕರೆಯಬೇಡಿ. ಪರರ ವಿಷಯದಲ್ಲಿ ತಲೆಹಾಕಿ ಪೆಟ್ಟು ತಿನ್ನುವವರನ್ನು ಯೇಸುವಿನ ಶಿಷ್ಯ ಪೇತ್ರ ತನ್ನ ಪತ್ರದಲ್ಲಿ ಕಳ್ಳರ ಸಾಲಲ್ಲೇ ನಿಲ್ಲಿಸಿದ್ದಾನೆ. ನಿಮ್ಮ ಹಟದಿಂದಲೋ ದುಡುಕಿನಿಂದಲೋ ಆಗಿದ್ದರೆ ಒಪ್ಪಿಕೊಂಡು ಸರಿ ಮಾಡಿ. ಒಂದು ಸಲ ಚೆನ್ನಾಗಿ ನೋಡಿ ಮುಗಿಸಿ, ದಿನಾ ಗಾಯ ಕೆದಕುತ್ತಾ ಕೂರಬೇಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೈಬಲಿನ ಯೆರೆಮೀಯ ಪುಸ್ತಕದ 38ನೇ ಅಧ್ಯಾಯ. ದೇವರ ಮಾತು ಹೇಳಿದ್ದಕ್ಕೆ ಪ್ರವಾದಿ ಯೆರೆಮೀಯನನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸಿದರು. ನೀರಿರಲಿಲ್ಲ, ಬರೀ ಕೆಸರು, ಅದರಲ್ಲಿ ಹೂತುಹೋದ. ಅರಮನೆಯ ಎಬೆದ್ಮೆಲೆಕ ಅನ್ನೋ ಕೂಷ್ ದೇಶದವನು ರಾಜನ ಹತ್ತಿರ ಹೋಗಿ ಅನುಮತಿ ಪಡೆದ, ಜನ ಕರೆದುಕೊಂಡು ಬಂದ. ಬರೀ ಹಗ್ಗ ಎಸೆಯಲಿಲ್ಲ. ಹಳೇ ಚಿಂದಿ ಬಟ್ಟೆ ಹುಡುಕಿ ತಂದು ಕೆಳಗೆ ಇಳಿಸಿ, ಇದನ್ನು ಕಂಕುಳಿಗೆ ಇಟ್ಟುಕೊಂಡು ಆಮೇಲೆ ಹಗ್ಗ ಹಾಕಿಕೋ ಅಂದ. ಎಳೆಯುವಾಗ ಹಗ್ಗ ಕೊಯ್ಯಬಾರದು ಅಂತ ಅಷ್ಟು ಯೋಚನೆ. ಮೇಲೆ ಬಂದ ಮೇಲೂ ಯೆರೆಮೀಯನಿಗೆ ಬಿಡುಗಡೆ ಆಗಲಿಲ್ಲ, ಯೆರೂಸಲೇಮ್ ಬೀಳುವ ತನಕ ಕಾವಲಲ್ಲೇ ಇದ್ದ. ಈ ಕೊನೆ ಸಾಲನ್ನು ಪ್ರಸಂಗಗಳಲ್ಲಿ ನಾನು ಕೇಳಿದ್ದೇ ಕಡಿಮೆ.

ನನಗೂ ಹಾಗೊಬ್ಬರು ಸಿಕ್ಕರು. ಪ್ರತಿ ವಾರ ಬಂದು ಪಕ್ಕದಲ್ಲಿ ಕೂತು ಕೆಲಸದ ಅರ್ಜಿಗಳನ್ನು ಜೊತೆಗೇ ತುಂಬುತ್ತಿದ್ದರು. ಕೊನೆಗೆ ಒಂದು ಪ್ರಾರ್ಥನೆ, ಅದೂ ಎರಡೇ ವಾಕ್ಯ. ಕೊನೆಗೂ ಸಿಕ್ಕ ಕೆಲಸ ಮೊದಲಿನದಕ್ಕಿಂತ ಚಿಕ್ಕದು, ಈಗಲೂ ಅದರಲ್ಲೇ ಇದ್ದೇನೆ.

ನೀವು ಸಭೆಯಲ್ಲಿ "ನನಗಾಗಿ ಪ್ರಾರ್ಥಿಸಿ" ಅಂತ ಮಾತ್ರ ಹೇಳಿ ಸುಮ್ನೆ ಕೂತಿದ್ದರೆ, ನಂಬಿಕೆ ಇರುವ ಒಬ್ಬರನ್ನು ಪಕ್ಕಕ್ಕೆ ಕರೆದು ಏನು ಬೇಕು ಅಂತ ಬಿಡಿಸಿ ಹೇಳಿ. ಮಕ್ಕಳನ್ನು ಎರಡು ಗಂಟೆ ನೋಡಿಕೊಳ್ಳುವುದೋ, ಆಸ್ಪತ್ರೆಗೆ ಜೊತೆಗೆ ಬರುವುದೋ, ಏನಾದರೂ. ಕೇಳುವುದಕ್ಕೆ ನಾಚಿಕೆ ಆಗುತ್ತದೆ, ನನಗೂ ಆಗಿತ್ತು.